ಹೈಫಾ ಆಚೆಗಿನ ಮೈಸೂರು ಲ್ಯಾನ್ಸರ್ಸ್

ಮೈಸೂರು ಲ್ಯಾನ್ಸರ್ಸ್ ಎಂದರೆ ಹೈಫಾ. ಹೈಫಾ ಎಂದರೆ 1918ರ ಸೆಪ್ಟೆಂಬರ್ 23. ನಮ್ಮಲ್ಲಿ ಈ ಕುದುರೆ ಪಡೆಯ ಚರಿತ್ರೆ ಸಾಮಾನ್ಯವಾಗಿ ಅಲ್ಲೇ ಶುರುವಾಗಿ ಅಲ್ಲೇ ಮುಗಿದುಹೋಗುತ್ತದೆ. ಸೆಪ್ಟೆಂಬರ್ ಬಂದರೆ ಬೆಂಗಳೂರಿನ ಜೆ.ಸಿ. ನಗರದ ಸ್ಮಾರಕಕ್ಕೆ ಹೂವಿನ ಹಾರ ಬರುತ್ತದೆ. ಪತ್ರಿಕೆಗಳಲ್ಲಿ ಭರ್ಜಿ ಹಿಡಿದು ಸಾಲಾಗಿ ಹೊರಟ ಸವಾರರ ಅದೇ ಹಳೆಯ ಫೋಟೊ, ಅದರ ಕೆಳಗೆ ‘ಜಗತ್ತಿನ ಕೊನೆಯ ಅಶ್ವದಳ ದಾಳಿ’ ಎಂಬ ಅದೇ ಸಾಲು. ದಿಲ್ಲಿಯ ತೀನ್ ಮೂರ್ತಿ ವೃತ್ತದಲ್ಲಿ 1922ರಿಂದ ನಿಂತಿರುವ ಮೂವರು ಹೈದರಾಬಾದ್, ಜೋಧಪುರ, ಮೈಸೂರು ಪಡೆಗಳ ಪ್ರತಿನಿಧಿಗಳು. 2018ರ ಜನವರಿಯಲ್ಲಿ ಇಸ್ರೇಲಿನ ಪ್ರಧಾನಿ ಬಂದಾಗ ಆ ವೃತ್ತದ ಹೆಸರಿಗೆ ‘ಹೈಫಾ’ ಸೇರಿದ ಮೇಲಂತೂ ಮೂವರೂ ಒಂದೇ ದಿನಕ್ಕೆ ಕಟ್ಟುಬಿದ್ದಂತಾಯಿತು.

ಆದರೆ ಈ ಪಡೆಯ ಕಾಗದಪತ್ರಗಳನ್ನು ಹಿಡಿದು ಕೂತವರಿಗೆ ಹೈಫಾದ ನಂತರ ಇನ್ನೂ ಒಂದು ದಿನ ಎದುರಾಗುತ್ತದೆ. ಅಕ್ಟೋಬರ್ 26. ಹೈಫಾದಿಂದ 33 ದಿನಕ್ಕೆ, ದೂರದ ಉತ್ತರದಲ್ಲಿ, ಸಿರಿಯಾದ ಅಲೆಪ್ಪೊ ಪಟ್ಟಣದ ಹೊರಗೆ, ಹರಿತಾನ್ ಎಂಬ ಹಳ್ಳಿಯ ಹತ್ತಿರ ಇದೇ ಸವಾರರು ಮತ್ತೊಮ್ಮೆ ಭರ್ಜಿ ಮುಂದೆ ಮಾಡಿ ನುಗ್ಗಿದರು. ಹೈಫಾದಲ್ಲಿ ಇಡೀ ಬ್ರಿಗೇಡಿನಲ್ಲಿ ಸತ್ತವರು 8, ಗಾಯಗೊಂಡವರು 34. ಹರಿತಾನಿನಲ್ಲಿ ಸತ್ತವರು 21, ಗಾಯಗೊಂಡವರು 56, ಪತ್ತೆಯಾಗದವರು 3. ಅದೇ ಬ್ರಿಗೇಡು, ಮುಂದೆ ನಿಂತದ್ದು ಅದೇ ಜೋಧಪುರ, ಮೈಸೂರು ರೆಜಿಮೆಂಟುಗಳು. ಹೈಫಾ ದಿನ ಇದೆ. ಹರಿತಾನ್ ದಿನ ಇಲ್ಲ.

‘ಕೊನೆಯ ದಾಳಿ’ಯ ಮಾತನ್ನು ಇಲ್ಲೇ ಪಕ್ಕಕ್ಕಿಟ್ಟುಬಿಡೋಣ. ಹೈಫಾ ಈ ಪಡೆಯದ್ದೇ ಕೊನೆಯ ದಾಳಿಯಲ್ಲ, ಇನ್ನು ಜಗತ್ತಿನದ್ದು ಎಲ್ಲಿಂದ ಬಂತು? ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನವರು 1939ರಲ್ಲಿ, ಇಟಲಿಯವರು ರಷ್ಯಾದ ಬಯಲಿನಲ್ಲಿ 1942ರ ಆಗಸ್ಟಿನಲ್ಲಿ ಕುದುರೆಯ ಮೇಲೆ ಕೂತೇ ನುಗ್ಗಿದ್ದಾರೆ. ಅದೇ ವರ್ಷದ ಮಾರ್ಚಿನಲ್ಲಿ ಬರ್ಮಾದ ತೌಂಗೂ ಬಳಿ ಸ್ಯಾಂಡಮನ್ ಎಂಬ ಕ್ಯಾಪ್ಟನ್ನಿನ ಹಿಂದೆ ಸಿಖ್ ಸವಾರರು ಜಪಾನಿಯರ ಮೆಷಿನ್‌ಗನ್ನುಗಳ ಬಾಯಿಗೆ ಹೋಗಿ ಬಿದ್ದಿದ್ದಾರೆ. ‘ಕೊನೆಯದು’ ಎಂಬ ಪದಕ್ಕೆ ಒಂದು ಮರುಳು ಇದೆ, ಅಷ್ಟೆ.

ಪಡೆಯ ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ಲಾರ್ಡ್ ಡಫರಿನ್ ವೈಸರಾಯ್ ಆಗಿದ್ದ ಕೊನೆಯ ದಿನಗಳಲ್ಲಿ ದೇಶೀ ಸಂಸ್ಥಾನಗಳ ಸೈನ್ಯದ ಒಂದು ಭಾಗವನ್ನು ಸಾಮ್ರಾಜ್ಯದ ಕೆಲಸಕ್ಕೆಂದು ತರಬೇತು ಮಾಡಿ ಇಡುವ ಯೋಜನೆ ಹುಟ್ಟಿತು. ಅದಕ್ಕೆ ಇಂಪೀರಿಯಲ್ ಸರ್ವಿಸ್ ಟ್ರೂಪ್ಸ್ ಎಂದು ಹೆಸರು. ಸಂಬಳ, ಕುದುರೆ, ಬಟ್ಟೆ ಎಲ್ಲ ಸಂಸ್ಥಾನದ್ದು, ಅಧಿಕಾರಿಗಳೂ ಸಂಸ್ಥಾನದವರೇ, ಆದರೆ ‘ಸ್ಪೆಷಲ್ ಸರ್ವಿಸ್ ಆಫೀಸರ್’ ಎಂಬ ಬ್ರಿಟಿಷ್ ಅಧಿಕಾರಿ ಪಕ್ಕದಲ್ಲೇ ಇರುತ್ತಿದ್ದ, ಸಲಹೆಗೆಂದು. ಯುದ್ಧಕಾಲದಲ್ಲಿ ಆ ಸಲಹೆಯ ತೂಕ ಎಷ್ಟೆಂದು ಹೇಳಬೇಕಾಗಿಲ್ಲ. ಮೈಸೂರಿನ ಪಾಲಿಗೆ ಬಂದದ್ದು ಒಂದು ಲ್ಯಾನ್ಸರ್ ರೆಜಿಮೆಂಟು, ಜೊತೆಗೆ ಒಂದು ಸಾಗಾಣಿಕೆ ದಳ. ಹುದ್ದೆಗಳ ಹೆಸರಲ್ಲೇ ಅದರ ಕುಲಗೋತ್ರ ಕಾಣುತ್ತದೆ: ದಫೇದಾರ್, ಜಮಾದಾರ್, ರಿಸಾಲ್ದಾರ್, ಎಲ್ಲಕ್ಕೂ ಮೇಲೆ ಅರ್ಧ ಇಂಗ್ಲಿಷು ಅರ್ಧ ಪಾರಸಿಯ ‘ರೆಜಿಮೆಂಟ್‌ದಾರ್’. 1914ರಲ್ಲಿ ಯುದ್ಧ ಶುರುವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು, ಲ್ಯಾನ್ಸರ್ಸ್ ಪಡೆಯನ್ನೂ ಕೊಟ್ಟರು. ಆ ವರ್ಷದ ಕೊನೆಯೊಳಗೆ ಅವರು ಈಜಿಪ್ಟಿನಲ್ಲಿ ಸುಯೆಜ್ ಕಾಲುವೆಯ ಕಾವಲಿಗೆ ನಿಂತಿದ್ದರು. ಮುಂದಿನ ಮೂರು ವರ್ಷಗಳ ಬಹುಪಾಲು ಮರಳು, ಗಸ್ತು, ಕುದುರೆಗೆ ನೀರು.

ಈ ಮರಳು, ಗಸ್ತು, ನೀರಿನ ಕತೆ ನಮಗೆ ತಿಳಿಯುವುದು ‘ವಾರ್ ಡೈರಿ’ಗಳಿಂದ. ಪ್ರತಿ ಪಡೆಯೂ ಯುದ್ಧಭೂಮಿಯಲ್ಲಿ ದಿನಚರಿ ಬರೆಯಲೇಬೇಕೆಂದು ನಿಯಮವಿತ್ತು. ಅದಕ್ಕೆ ಅಚ್ಚು ಮಾಡಿದ ನಮೂನೆ, ಸಂಖ್ಯೆ ಸಿ. 2118. ಸ್ಥಳ, ದಿನಾಂಕ, ಗಂಟೆ ಎಂಬ ಮೂರು ಸಣ್ಣ ಅಂಕಣ, ನಡೆದ ಸಂಗತಿಗೆ ಒಂದು ದೊಡ್ಡ ಅಂಕಣ, ಕೊನೆಗೆ ಷರಾ ಮತ್ತು ಲಗತ್ತು. ನಮ್ಮ ತಾಲ್ಲೂಕು ಕಚೇರಿಯ ರಿಜಿಸ್ಟರಿನ ಪರಿಚಯ ಇದ್ದವರಿಗೆ ಇದು ಹೊಸದೆನಿಸುವುದಿಲ್ಲ. ಬರೆಯುತ್ತಿದ್ದದ್ದು ಸಾಮಾನ್ಯವಾಗಿ ಬ್ರಿಟಿಷ್ ಅಧಿಕಾರಿ. ಪೆನ್ಸಿಲಿನಲ್ಲಿ, ಕಾರ್ಬನ್ ಹಾಳೆ ಇಟ್ಟು. ಮೂಲ ಪ್ರತಿಗಳು ಈಗ ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಡಬ್ಲ್ಯೂ.ಓ. 95 ಎಂಬ ಸರಣಿಯಲ್ಲಿವೆ. ದಿಲ್ಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಇಲ್ಲಿನ ಸರ್ಕಾರದ ಕಡೆಯ ಕಡತಗಳಿವೆ, ಅವುಗಳಲ್ಲಿ ಎಷ್ಟೋ ‘ಅಭಿಲೇಖ್ ಪಟಲ್’ ಪೋರ್ಟಲಿನಲ್ಲಿ ಮನೆಯಲ್ಲೇ ಕೂತು ಓದಲು ಸಿಗುತ್ತವೆ. ಸಂಸ್ಥಾನದ ಕಡೆಯ ಕಡತಗಳಿಗೆ ಬೆಂಗಳೂರಿನ ವಿಕಾಸಸೌಧದಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರ. ಒಂದೇ ಪಡೆಯ ಚರಿತ್ರೆಯನ್ನು ಹೀಗೆ ಮೂರು ಊರುಗಳಿಂದ ಆಯ್ದು ತರಬೇಕು. ಲಂಡನ್ನಿನ ಕಾಗದಕ್ಕೆ ಯುದ್ಧ ಗೊತ್ತು, ದಿಲ್ಲಿಯದಕ್ಕೆ ಆಡಳಿತ ಗೊತ್ತು, ಬೆಂಗಳೂರಿನದಕ್ಕೆ ಖರ್ಚು ಗೊತ್ತು.

ದಿನಚರಿ ಓದುವುದಕ್ಕೆ ತಾಳ್ಮೆ ಬೇಕು. ಹತ್ತು ಪುಟಗಳಲ್ಲಿ ಒಂಬತ್ತು ಪುಟ ‘ಇಂಥಲ್ಲಿಂದ ಇಂಥಲ್ಲಿಗೆ’, ‘ಗಸ್ತು ಹೋಗಿ ಬಂತು’ ಎಂಬ ಧಾಟಿಯಲ್ಲೇ ಸಾಗುತ್ತವೆ. ಆದರೆ ಒಮ್ಮೆ ಕೈ ಕೂತಮೇಲೆ ಆ ಬೇಸರವೇ ಮಾಹಿತಿ ಕೊಡತೊಡಗುತ್ತದೆ. ಕುದುರೆಗೆ ನೀರು ಸಿಕ್ಕ ಜಾಗಗಳನ್ನು ನಕ್ಷೆಯ ಮೇಲೆ ಗುರುತು ಹಾಕುತ್ತಾ ಹೋದರೆ ಸೇನಾಪತಿಗಳ ಆತ್ಮಚರಿತ್ರೆಯಲ್ಲಿ ಇಲ್ಲದ ಯುದ್ಧ ಕಾಣುತ್ತದೆ. ‘ಗಂಟೆ’ಯ ಅಂಕಣ ಇನ್ನೂ ಮುಖ್ಯ. ಸುದ್ದಿ ಯಾವಾಗ ಬಂತು, ಆಜ್ಞೆ ಯಾವಾಗ ಹೊರಟಿತು, ದಾಳಿ ಯಾವಾಗ ನಡೆಯಿತು, ಇವುಗಳ ನಡುವಿನ ಅಂತರದಲ್ಲೇ ಎಷ್ಟೋ ಪ್ರಾಣಗಳು ಹೋಗಿರುತ್ತವೆ.

ಇನ್ನೊಂದು ಸಂಗತಿಯನ್ನು ಹೊಸಬರು ಬೇಗ ಗಮನಿಸುವುದಿಲ್ಲ. ದಿನಚರಿಯಲ್ಲಿ ಅಧಿಕಾರಿ ಸತ್ತರೆ ಹೆಸರು ಬರುತ್ತದೆ. ಸವಾರ ಸತ್ತರೆ ಅಂಕಿ ಬರುತ್ತದೆ. ‘ಅದರ್ ರ‍್ಯಾಂಕ್ಸ್’ ಎಂಬುದರ ಎರಡಕ್ಷರದ ಸಂಕ್ಷೇಪ, ಅದರ ಮುಂದೆ ಒಂದು ಸಂಖ್ಯೆ. ಕುದುರೆಗಳಿಗೂ ಸಂಖ್ಯೆಯೇ. ಹೈಫಾದ ಲೆಕ್ಕದಲ್ಲಿ ಸತ್ತ ಕುದುರೆ 60, ಗಾಯಗೊಂಡವು 83 ಎಂದಿದೆ. ಆ ಎಂಟು ಜನ, ಆ ಅರವತ್ತು ಕುದುರೆ, ಎಲ್ಲ ಒಂದೇ ಕೋಷ್ಟಕದ ಅಕ್ಕಪಕ್ಕದ ಮನೆಗಳಲ್ಲಿ.

ಹೈಫಾದ ಕತೆ ಗೊತ್ತಿದ್ದದ್ದೇ, ಆದರೂ ಹರಿತಾನಿಗೆ ಹೋಲಿಸಲು ಬೇಕು. ಸೆಪ್ಟೆಂಬರ್ 19ರಂದು ಅಲೆನ್‌ಬಿಯ ದೊಡ್ಡ ದಾಳಿ ಶುರುವಾಗಿತ್ತು. 22ರಂದು ಕವಚದ ಮೋಟಾರುಗಳು ಹೈಫಾದತ್ತ ಹೋಗಿ, ಗುಂಡಿನ ಮಳೆಗೆ ಸಿಕ್ಕಿ ವಾಪಸಾದವು. ಅಂದರೆ ಎದುರಾಳಿ ಇದ್ದಾನೆ, ಎಲ್ಲಿದ್ದಾನೆ ಎಂಬುದು ಮುಂಚಿನ ದಿನವೇ ಗೊತ್ತಾಯಿತು. 23ರಂದು ಹದಿನೈದನೆಯ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡಿಗೆ ಆಜ್ಞೆ ಬಂತು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ನದಿ, ನಡುವಿನ ಇಕ್ಕಟ್ಟಿನಲ್ಲಿ ರಸ್ತೆ. ಜೋಧಪುರದವರು ನದಿ ದಾಟಲು ನೋಡಿದರೆ ದಂಡೆಯಲ್ಲಿ ಹುದುಲು. ಅವರು ಎಡಕ್ಕೆ ತಿರುಗಿ ಬೆಟ್ಟದ ಬುಡದ ಮೆಷಿನ್‌ಗನ್ನುಗಳ ಮೇಲೇ ಬಿದ್ದು ಊರಿನೊಳಕ್ಕೆ ನುಗ್ಗಿದರು. ಅವರ ಮೇಜರ್ ದಲಪತ್ ಸಿಂಗ್ ಅಲ್ಲೇ ಮಡಿದರು. ಮೈಸೂರಿನ ಒಂದು ಸ್ಕ್ವಾಡ್ರನ್, ಬ್ರಿಟಿಷರ ಷೆರ್ವುಡ್ ರೇಂಜರ್ಸ್‌ನ ಒಂದು ಸ್ಕ್ವಾಡ್ರನ್ ಕಡಿದಾದ ಹಾದಿ ಹಿಡಿದು ಕಾರ್ಮೆಲ್ ಏರಿ ಮೇಲಿನ ಫಿರಂಗಿಗಳನ್ನು ಹಿಡಿದವು. ಕುದುರೆಗಳ ಕಾಲು ಸೋತ ಆ ಏರು ನನಗೆ ಕೆಳಗಿನ ಓಟಕ್ಕಿಂತ ದೊಡ್ಡದೆನಿಸುತ್ತದೆ. ಹೈದರಾಬಾದಿನವರು ಆಗ ಹಿಂದೆ, ಕೈದಿಗಳ ಕಾವಲಿನಲ್ಲಿ. ಸಂಜೆಯೊಳಗೆ ಊರು ಕೈವಶ. 1,350 ಕೈದಿಗಳು, 17 ಫಿರಂಗಿ, 11 ಮೆಷಿನ್‌ಗನ್. ದೊಡ್ಡ ಗೆಲುವು, ಅಗ್ಗದ ಬೆಲೆ. ಅಧಿಕೃತ ಚರಿತ್ರೆ ಬರೆದವರು ಮೆಚ್ಚಿಕೊಂಡರು, ಮೆಚ್ಚಬೇಕಾದದ್ದೇ.

ನಾನು ಹರಿತಾನಿನ ಪುಟಗಳನ್ನು ಗಂಭೀರವಾಗಿ ಓದತೊಡಗಿದ್ದು ಒಬ್ಬ ನಿವೃತ್ತ ಮೇಷ್ಟ್ರಿಂದ. ಬೆಂಗಳೂರಿನಲ್ಲಿ ಒಂದು ಕಾಲೇಜಿನಲ್ಲಿ ಈ ಪಡೆಯ ಬಗ್ಗೆ ಮಾತಾಡಿದ ಮೇಲೆ ಅವರು ಹತ್ತಿರ ಬಂದು, ಕೈಚೀಲದಿಂದ ಹಳೆಯ ಟವೆಲಿನಲ್ಲಿ ಸುತ್ತಿದ ಒಂದು ಕಂಚಿನ ಬಿಲ್ಲೆ ತೆಗೆದರು. 12 ಸೆಂಟಿಮೀಟರ್ ಅಗಲದ ಗುಂಡನೆಯ ಫಲಕ; ನಿಂತ ಬ್ರಿಟಾನಿಯಾ, ಮುಂದೆ ಸಿಂಹ. ಮೊದಲ ಮಹಾಯುದ್ಧದಲ್ಲಿ ಸತ್ತವರ ಮನೆಗಳಿಗೆಲ್ಲ ಸಾಮ್ರಾಜ್ಯ ಕಳಿಸಿದ ಫಲಕ ಅದು. ಇಂಗ್ಲೆಂಡಿನ ಜನ ಅದನ್ನು ಸತ್ತವನ ಕಾಸು ಎನ್ನುತ್ತಿದ್ದರಂತೆ.

“ನಮ್ಮ ತಾತನ ತಂದೆಯವರದು ಮೇಡಂ. ಹೈಫಾದಲ್ಲಿ ಹೋದರು. ನಮ್ಮ ಮನೇಲಿ ಎಲ್ರಿಗೂ ಗೊತ್ತು.”

“ಹೈಫಾ ಅಂತ ಎಲ್ಲಾದರೂ ಬರೆದಿದೆಯಾ ಸಾರ್?”

“ಬರೆದಿಲ್ಲ. ಆದರೆ ಇನ್ನೆಲ್ಲಿ ಹೋಗಿರ್ತಾರೆ, ಮೈಸೂರು ಲ್ಯಾನ್ಸರ್ಸ್ ಅಲ್ವಾ?”

ಅವರ ಪ್ರಶ್ನೆ ನ್ಯಾಯವಾದದ್ದೇ. ಆ ಫಲಕದ ಮೇಲೆ ಸತ್ತವನ ಹೆಸರು ಮಾತ್ರ ಇರುತ್ತದೆ. ಹುದ್ದೆ ಬೇಡವೆಂದು ತೀರ್ಮಾನಿಸಿಯೇ ಹಾಗೆ ಎರಕ ಹೊಯ್ದದ್ದು. ತ್ಯಾಗದಲ್ಲಿ ಮೇಲುಕೀಳಿಲ್ಲ ಎಂಬ ಭಾವನೆ. ಒಳ್ಳೆಯ ಭಾವನೆಯೇ. ಆದರೆ ಹುದ್ದೆಯ ಜೊತೆಗೆ ಪಡೆಯ ಹೆಸರು, ದಿನಾಂಕ, ಊರು ಒಂದೂ ಇಲ್ಲ. ಹೀಗಾಗಿ ಮನೆಯವರು ನೂರು ವರ್ಷ ಆ ಖಾಲಿ ಜಾಗವನ್ನು ತಮಗೆ ಗೊತ್ತಿದ್ದ ಒಂದೇ ಹೆಸರಿನಿಂದ ತುಂಬಿದ್ದಾರೆ. ಬೆಳ್ಳಿಯ ಯುದ್ಧ ಪದಕ ಇದ್ದಿದ್ದರೆ ಅದರ ಅಂಚಿನಲ್ಲಿ ಸಂಖ್ಯೆ, ಹುದ್ದೆ, ಹೆಸರು, ಪಡೆ ಎಲ್ಲ ಕೊರೆದಿರುತ್ತಿತ್ತು. “ಅದನ್ನು ನಮ್ಮಜ್ಜಿ ಯಾವಾಗಲೋ ಕರಗಿಸಿದರು, ಮಗಳ ಮದುವೆಗೆ” ಎಂದರು ಮೇಷ್ಟ್ರು. ಬೆಳ್ಳಿ ಕರಗುತ್ತದೆ, ಕಂಚಿಗೆ ಕಾಸು ಹುಟ್ಟುವುದಿಲ್ಲ, ಉಳಿಯುತ್ತದೆ. ಹಳೇ ಮೈಸೂರಿನ ಮನೆಗಳಲ್ಲಿ ಯುದ್ಧದ ಸಾಕ್ಷ್ಯ ಉಳಿದ ರೀತಿಯೇ ಇದು.

ಹುಡುಕುವುದು ಎಲ್ಲಿಂದ? ಇಂಗ್ಲೆಂಡಿನ ಸಿಪಾಯಿಯಾಗಿದ್ದರೆ ಅವನ ಸೇವಾ ಕಡತ ಹುಡುಕಬಹುದು. ಅವುಗಳಲ್ಲೂ ಅರ್ಧಕ್ಕಿಂತ ಹೆಚ್ಚು 1940ರ ಜರ್ಮನ್ ಬಾಂಬಿಗೆ ಉರಿದುಹೋಗಿ, ಉಳಿದವು ಅಂಚು ಸುಟ್ಟ ಹಾಳೆಗಳು. ಪಂಜಾಬಿನವನಾಗಿದ್ದರೆ ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಸಿಕ್ಕ ಹಳ್ಳಿವಾರು ರಿಜಿಸ್ಟರುಗಳಿವೆ. ಸುಮಾರು 3,20,000 ಜನರ ವಿವರ, 2021ರಿಂದ ಅಂತರ್ಜಾಲಕ್ಕೆ ಬರುತ್ತಿವೆ. ಮೈಸೂರಿನ ಸವಾರರನ್ನು ಊರು ಹಿಡಿದು ಹುಡುಕುವವರಿಗೆ ಅಂಥ ಅನುಕೂಲವಿಲ್ಲ. ಅವರ ಮಟ್ಟಿಗೆ ಹೆಸರು ಸಿಗುವ ದೊಡ್ಡ ಜಾಗವೆಂದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿ. 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರ ತನಕ ಸೇವೆಯಲ್ಲಿ ಸತ್ತವರು ಅದರಲ್ಲಿದ್ದಾರೆ. ಆ ಪಟ್ಟಿಗೆ ಒಂದು ಗುಣವಿದೆ: ದಿನಚರಿಯಲ್ಲಿ ಅಂಕಿಯಾಗಿದ್ದವನು ಇಲ್ಲಿ ಹೆಸರಾಗಿ ಬರುತ್ತಾನೆ. ಎಷ್ಟೋ ಸಲ ಇಂಥವನ ಮಗ, ಇಂಥ ಊರಿನವನು ಎಂಬ ಒಂದು ಸಾಲೂ ಇರುತ್ತದೆ.

ಈ ಒಂದು ಸಾಲು ಓದಲು ಕನ್ನಡ ಬೇಕು. ಲಂಡನ್ನಿನಲ್ಲಿ ಕೂತ ವಿದ್ವಾಂಸರಿಗೆ ದಕ್ಕದ, ನಮಗೆ ಮಾತ್ರ ಇರುವ ಅನುಕೂಲ ಇದು. ಆಗಿನ ಕಾಗದಗಳಲ್ಲಿ ರಾಮನಗರ ಇಲ್ಲ, ಕ್ಲೋಸ್‌ಪೇಟೆ ಇದೆ. ಪಾಂಡವಪುರ ಇಲ್ಲ, ಟಿಪ್ಪುವಿನ ಫ್ರೆಂಚ್ ಸೈನಿಕರು ಬಿಡಾರ ಹೂಡಿದ್ದರೆಂದು ಬಂದ ‘ಫ್ರೆಂಚ್ ರಾಕ್ಸ್’ ಇದೆ. ಕೃಷ್ಣರಾಜನಗರ ಆಗ ಎಡತೊರೆ, ಶ್ರೀರಂಗಪಟ್ಟಣ ಸೆರಿಂಗಪಟಂ. ಹಳ್ಳಿಗಳ ಗತಿ ಇನ್ನೂ ಕಷ್ಟ. ‘ಹಳ್ಳಿ’ ಎಂಬುದು ‘ಹುಲ್ಲಿ’ಯಾಗಿ, ‘ಕೊಪ್ಪಲು’ ‘ಕೊಪಲ್’ ಆಗಿ ಬಂದಾಗ ಗಟ್ಟಿಯಾಗಿ ಓದಿಕೊಂಡು, ಕಿವಿಯಲ್ಲಿ ಕೇಳಿಸಿಕೊಂಡು, ಇದು ಯಾವ ಊರು ಎಂದು ಹಿಂದಕ್ಕೆ ಹೋಗಬೇಕು. ಹೆಸರುಗಳಲ್ಲಿ ಮುಸಲ್ಮಾನರು, ಮರಾಠರು, ರಜಪೂತರು, ಅರಸುಗಳು. ‘ಕನ್ನಡಿಗರ ಕಲಿತನ’ ಎಂದು ಭಾಷಣ ಮಾಡುವವರು ಈ ಪಟ್ಟಿಯನ್ನೊಮ್ಮೆ ಓದಬೇಕು. ಕನ್ನಡ ನಾಡಿನವರು ಹೌದು. ಲಾಯದಲ್ಲಿ, ಕವಾಯತಿನಲ್ಲಿ ಕೇಳುತ್ತಿದ್ದ ಮಾತು ಹೆಚ್ಚಾಗಿ ಹಿಂದುಸ್ತಾನಿ. ಮೇಷ್ಟ್ರ ಮನೆಯಲ್ಲೂ ದಖ್ಖನಿಯೇ, ಆದರೆ ಅವರು ಮೂವತ್ತು ವರ್ಷ ಪಾಠ ಹೇಳಿದ್ದು ಕನ್ನಡದಲ್ಲಿ.

ಅವರ ಮುತ್ತಾತನ ಹೆಸರು ಬಹಳ ಸಾಮಾನ್ಯವಾದದ್ದು. ಅದೇ ಹೆಸರಿನವರು ಒಬ್ಬರಿಗಿಂತ ಹೆಚ್ಚಿದ್ದರು. ತಂದೆಯ ಹೆಸರು, ಊರು ಎರಡೂ ಕೂಡಿದಾಗ ಒಬ್ಬರೇ ಉಳಿದರು. ಊರು ಅಂಥದೇ ಒಂದು ಹಳೆಯ ಇಂಗ್ಲಿಷ್ ಹೆಸರಿನ ಹಿಂದೆ ಅಡಗಿತ್ತು; ಅದನ್ನು ಬಿಡಿಸಿ ಹೇಳಿದಾಗ ಮೇಷ್ಟ್ರು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಾಗಿ, “ಅಲ್ಲಿ ನಮ್ಮ ತೋಟ ಇತ್ತು” ಎಂದರು. ಸತ್ತ ದಿನಾಂಕ 1918ರ ಅಕ್ಟೋಬರ್ 26.

ಇನ್ನು ಹರಿತಾನ್. ಹೈಫಾದ ನಂತರ ಐದನೆಯ ಕ್ಯಾವಲ್ರಿ ಡಿವಿಜನ್ ಡಮಾಸ್ಕಸ್ ದಾಟಿ, ಹೋಮ್ಸ್, ಹಮಾ ಹಾದು ಅಲೆಪ್ಪೊದ ಕಡೆ ಹೊರಟಿತು. ಸೆಪ್ಟೆಂಬರ್ 19ರಿಂದ ಅಕ್ಟೋಬರ್ 26ರವರೆಗಿನ 38 ದಿನಗಳಲ್ಲಿ ಅದು ನಡೆದದ್ದು ಸುಮಾರು 550 ಮೈಲಿ. ದಾರಿಯುದ್ದಕ್ಕೂ ಮಲೇರಿಯಾ, ಅದರ ಬೆನ್ನಿಗೇ ಆ ವರ್ಷದ ಇನ್‌ಫ್ಲುಯೆಂಜಾ. (ಅದೇ ತಿಂಗಳುಗಳಲ್ಲಿ ಅದೇ ಜ್ವರ ಬೆಂಗಳೂರು, ಮೈಸೂರುಗಳಲ್ಲೂ ಮನೆಮನೆಗೆ ಹೊಕ್ಕಿತ್ತು. ಯುದ್ಧಕ್ಕೆ ಹೋದವನ ಸುದ್ದಿ ಮನೆಗೆ ಬರುವಷ್ಟರಲ್ಲಿ ಕೇಳಬೇಕಾದವರೇ ಇಲ್ಲವಾಗಿರುವುದು ಅಸಾಧ್ಯವೇನಲ್ಲ.) ಡಿವಿಜನ್ ಎಂದು ಕರೆಯುತ್ತಿದ್ದರೂ ಅಲೆಪ್ಪೊ ಮುಟ್ಟುವ ಹೊತ್ತಿಗೆ ಕುದುರೆಯ ಮೇಲೆ ಕೂರಬಲ್ಲವರು ಸುಮಾರು 1,500. ಅವರಲ್ಲೂ ಮುಂದೆ ಇದ್ದದ್ದು ಹದಿನೈದನೆಯ ಬ್ರಿಗೇಡು ಮಾತ್ರ. ಉಳಿದ ಬ್ರಿಗೇಡುಗಳು ಹಿಂದೆ ಬರುತ್ತಿದ್ದವು.

26ರ ಬೆಳಗ್ಗೆಯ ಹೊತ್ತಿಗೆ ಅರಬ್ ಪಡೆಗಳೂ ಕವಚದ ಮೋಟಾರುಗಳೂ ಅಲೆಪ್ಪೊ ಹೊಕ್ಕಿದ್ದವು. ಊರು ಸಿಕ್ಕಿತು. ಬ್ರಿಗೇಡು ಊರೊಳಗೆ ಹೋಗಲಿಲ್ಲ. ಪಶ್ಚಿಮಕ್ಕೆ ಬಳಸಿಕೊಂಡು ಅಲೆಕ್ಸಾಂಡ್ರೆಟ್ಟಾ ರಸ್ತೆ ಹಿಡಿಯಿತು, ಹಿಂದೆ ಸರಿಯುತ್ತಿದ್ದ ತುರ್ಕಿ ಪಡೆಯ ಬೆನ್ನು ಹತ್ತಿ. ಸಿಕ್ಕ ಸುದ್ದಿ ಏನೆಂದರೆ, ಬೆಳಗ್ಗೆ ಊರು ಬಿಟ್ಟು ಹೋದವರು ಸುಮಾರು ಒಂದು ಸಾವಿರ, ಜೊತೆಗೆ ಒಂದೆರಡು ಸಣ್ಣ ಫಿರಂಗಿ. ಹರಿತಾನಿನ ಎದುರಿನ ದಿಣ್ಣೆ ಹತ್ತಿದಾಗ ಬ್ರಿಗೇಡಿಯರ್ ಹಾರ್ಬರ್ಡ್ ಈ ಸುದ್ದಿಯ ಮೇಲೇ ನಿರ್ಧಾರ ಮಾಡಿದರು. ಮೈಸೂರಿನವರು ಪೂರ್ವಕ್ಕೆ ಸುತ್ತು ಹಾಕಿ ಎದುರಾಳಿಯ ಎಡಭಾಗದ ಮೇಲೆ ಬೀಳುವುದು, ಹಿಂದೆ ಜೋಧಪುರದವರು, ರಸ್ತೆಯಲ್ಲಿ ಮೆಷಿನ್‌ಗನ್ನುಗಳು.

ಸುತ್ತು ಅಂದುಕೊಂಡದ್ದಕ್ಕಿಂತ ದೊಡ್ಡದಾಯಿತು, ಏಕೆಂದರೆ ಎದುರಿನ ಸಾಲು ಅಂದುಕೊಂಡದ್ದಕ್ಕಿಂತ ಉದ್ದವಿತ್ತು. ಅಲ್ಲಿದ್ದದ್ದು ಸಾವಿರವಲ್ಲ, ಅದರ ಎರಡು ಮೂರು ಪಟ್ಟು. ಮೈಸೂರಿನ ಸವಾರರು ನಡುಹಗಲ ಹೊತ್ತಿಗೆ ನುಗ್ಗಿ ಮೊದಲ ಸಾಲನ್ನು ಹರಿದುಕೊಂಡು ಹೋದರು, ಕೆಲವರನ್ನು ಹಿಡಿದರು. ಅಲ್ಲಿಗೆ ಭರ್ಜಿಯ ಕೆಲಸ ಮುಗಿಯಿತು. ಹಿಡಿದ ಜಾಗವನ್ನು ಇಟ್ಟುಕೊಳ್ಳಲು ಬೇಕಾದದ್ದು ಬಂದೂಕಿನ ಬಲ, ಅದು ಅವರ ಬಳಿ ಇರಲಿಲ್ಲ. ಮೇಲಿನಿಂದ ಗುಂಡು ಸುರಿಯತೊಡಗಿದಾಗ ಹಿಂದೆ ಸರಿಯಬೇಕಾಯಿತು. ಹೈಫಾದಲ್ಲಿ ಜೋಧಪುರದವರ ಜೊತೆಗಿದ್ದ ಬ್ರಿಟಿಷ್ ಅಧಿಕಾರಿ ಲೆಫ್ಟಿನೆಂಟ್ ಕರ್ನಲ್ ಹೋಲ್ಡನ್ ಇಲ್ಲಿ ಸತ್ತರು. ಮಧ್ಯಾಹ್ನವೆಲ್ಲ ಎರಡು ಕಡೆಯವರೂ ನೆಲ ಕಚ್ಚಿ ಕೂತರು. ರಾತ್ರಿ ತುರ್ಕಿಯವರು ತಾವಾಗಿ ಹೊರಟುಹೋದರು. ಹಿಂದಿನ ಬ್ರಿಗೇಡು ಬಂದು ಸೇರಿಕೊಂಡದ್ದು ಅದೇ ರಾತ್ರಿ ತಡವಾಗಿ.

ಅಕ್ಟೋಬರ್ 30ರಂದು ಮುದ್ರೋಸಿನಲ್ಲಿ ಕದನವಿರಾಮಕ್ಕೆ ಸಹಿ ಬಿತ್ತು, 31ರ ಮಧ್ಯಾಹ್ನದಿಂದ ಜಾರಿಗೆ ಬಂತು. ಹರಿತಾನಿನ ಇಪ್ಪತ್ತೊಂದು ಜನ ಇನ್ನೈದು ದಿನ ಬದುಕಿದ್ದರೆ ಊರಿಗೆ ಬರುತ್ತಿದ್ದರು. ಒಂದು ರಾತ್ರಿ ಕಾದಿದ್ದರೆ ಹಿಂದಿನ ಬ್ರಿಗೇಡು ಸೇರಿಕೊಳ್ಳುತ್ತಿತ್ತು, ಪ್ರಾಯಶಃ ಎದುರಾಳಿಯೂ ಹೊರಟುಹೋಗಿರುತ್ತಿದ್ದ. ಬೆನ್ನು ಹತ್ತಿದವರಿಗೆ ಅಷ್ಟೆಲ್ಲ ತೋರುವುದಿಲ್ಲ ಎಂದು ಸೇನಾ ಚರಿತ್ರೆಕಾರರು ಹೇಳುತ್ತಾರೆ, ಅದನ್ನೂ ಒಪ್ಪಬೇಕು. ಅಂದು ಬೆಳಗ್ಗೆ ದಿಣ್ಣೆಯ ಮೇಲೆ ನಿಂತವರಿಗೆ 31ನೆಯ ತಾರೀಖು ಗೊತ್ತಿರಲಿಲ್ಲ. ಆದರೆ ಎಣಿಕೆಯ ಪ್ರಶ್ನೆ ಬೇರೆ. ಹೈಫಾದಲ್ಲಿ ಹಿಂದಿನ ದಿನ ಮೋಟಾರುಗಳು ಹೋಗಿ ಏಟು ತಿಂದು ಬಂದು ವಿಷಯ ತಿಳಿಸಿದ್ದವು. ಹರಿತಾನಿನಲ್ಲಿ ಬಾಯಿಂದ ಬಾಯಿಗೆ ಬಂದ ಅಂದಾಜನ್ನು ನಂಬಲಾಯಿತು. ನನ್ನ ಮಟ್ಟಿಗೆ ಎರಡು ದಿನಗಳ ನಡುವಿನ ವ್ಯತ್ಯಾಸ ಶೌರ್ಯದ್ದಲ್ಲ, ಸುದ್ದಿಯದ್ದು.

ಅಂದು ಎದುರಿಗಿದ್ದದ್ದು ತುರ್ಕಿಯ ಏಳನೆಯ ಸೈನ್ಯ, ಅದರ ಸೇನಾಪತಿ ಮುಸ್ತಫಾ ಕೆಮಾಲ್. ಹೌದು, ಮುಂದೆ ಅತಾತುರ್ಕ್ ಆದವರೇ. ಹಾಗಾಗಿ ಈ ಘಟನೆಗೆ ಇನ್ನೊಂದು ಕಡೆಯ ನೆನಪೂ ಇದೆ. ತುರ್ಕಿಯ ಚರಿತ್ರೆಗಳಲ್ಲಿ ಇದು ಸೋಲುಗಳ ಸರಮಾಲೆಯ ಕೊನೆಯಲ್ಲಿ ಅಲೆಪ್ಪೊದ ಉತ್ತರಕ್ಕೆ ಶತ್ರುವನ್ನು ತಡೆದು ನಿಲ್ಲಿಸಿದ ದಿನ. ನಮ್ಮಲ್ಲಿ ಹೆಸರೇ ಇಲ್ಲದ ದಿನ ಅವರಲ್ಲಿ ದೇಶದ ಗಡಿಯ ಕತೆಗೆ ಸೇರಿಕೊಂಡಿದೆ. ಯಾವ ಸಾವಿಗೆ ಸ್ಮಾರಕ ಬೇಕು ಎಂಬುದನ್ನು ಸತ್ತವರ ಸಂಖ್ಯೆ ತೀರ್ಮಾನಿಸುವುದಿಲ್ಲ. ಆ ದಿನ ಯಾರ ಉಪಯೋಗಕ್ಕೆ ಬಂತು ಎಂಬುದು ತೀರ್ಮಾನಿಸುತ್ತದೆ. ಹೈಫಾ ಬಂದರು, ಅಲ್ಲಿ ಬಾವುಟ ಏರಿತು. ಇಂದು ಅದು ಇಬ್ಬರು ಪ್ರಧಾನಿಗಳು ಕೈಕುಲುಕಲು ಒದಗುವ ಊರು. ಹರಿತಾನ್ ಯಾರಿಗೂ ಒದಗಲಿಲ್ಲ.

ಅಲೆಪ್ಪೊದ ಹೊರಗೆ ಆ ಪ್ರದೇಶದಲ್ಲಿ ‘ಕಬ್ರ್ ಅಲ್ ಇಂಗ್ಲಿಜಿ’ ಎಂಬ ಸ್ಥಳನಾಮವಿದೆ, ಅಂದರೆ ಇಂಗ್ಲಿಷನ ಗೋರಿ. ಸಿರಿಯಾದ ಅಂತರ್ಯುದ್ಧದ ವರ್ಷಗಳಲ್ಲಿ ಹರಿತಾನಿನ ಸುತ್ತ ಕಾದಾಟ ನಡೆದಾಗ ಈ ಹೆಸರು ಸುದ್ದಿಗಳಲ್ಲಿ ಬರುತ್ತಿತ್ತು. ಓದಿದಾಗಲೆಲ್ಲ ನಾನು ಒಂದು ಕ್ಷಣ ನಿಲ್ಲುತ್ತಿದ್ದೆ. ಅಲ್ಲಿ ಬಿದ್ದವರಲ್ಲಿ ಹೆಚ್ಚಿನವರು ಮಾರವಾಡದವರು, ಮೈಸೂರು ಸೀಮೆಯವರು. ನೆಲದ ನೆನಪಿನಲ್ಲಿ ಉಳಿದದ್ದು ಇಂಗ್ಲಿಷನ ಹೆಸರು.

ಸವಾರನಿಗೆ ಹೆಸರಾದರೂ ಸಿಕ್ಕಿತು. ಅವನ ಹಿಂದಿದ್ದವರಿಗೆ? ಒಂದು ಲ್ಯಾನ್ಸರ್ ರೆಜಿಮೆಂಟು ಎಂದರೆ ಬರೀ ಸವಾರರಲ್ಲ. ಕುದುರೆ ತಿಕ್ಕುವ ಸಾಯಿಸರು, ಹುಲ್ಲು ಕೊಯ್ದು ತರುವವರು, ಚರ್ಮದ ಚೀಲದಲ್ಲಿ ನೀರು ಹೊರುವ ಭಿಸ್ತಿಗಳು, ಲಾಳ ಹೊಡೆಯುವ ನಾಲಬಂದರು, ಅಡಿಗೆಯವರು, ಗುಡಿಸುವವರು. ಕಾಗದದಲ್ಲಿ ಇವರಿಗೆಲ್ಲ ಒಟ್ಟಾಗಿ ‘ಫಾಲೋಯರ್ಸ್’ ಎಂದು ಹೆಸರು, ಹಿಂದೆ ಬರುವವರು. 550 ಮೈಲಿ ಅವರೂ ಬಂದಿದ್ದಾರೆ. ಯುದ್ಧ ಮುಗಿದ ಮೇಲೆ ಸವಾರನಿಗೆ ಕೊಟ್ಟ ಪದಕ ಬೆಳ್ಳಿಯದು; ಇಂಥ ಹಿಂಬಾಲಕರಿಗೆಂದು ಅದೇ ಪದಕವನ್ನು ಕಂಚಿನಲ್ಲಿ ಹೊಯ್ದರು. ಅಚ್ಚು ಒಂದೇ, ಲೋಹ ಬೇರೆ. ಫಲಕದಲ್ಲಿ ಹುದ್ದೆ ಬೇಡವೆಂದ ಅದೇ ಸಾಮ್ರಾಜ್ಯ ಪದಕದಲ್ಲಿ ತೂಕ ಮಾಡಿ ಕೊಟ್ಟಿತು. ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅಂಥ ಕಂಚಿನ ಪದಕ ಇದ್ದರೆ ನಕಲಿ ಎಂದು ಬಿಸಾಡಬೇಡಿ, ಅಂಚನ್ನು ಓದಿ. ಈ ಜನರ ಹೆಸರು ಉಳಿದಿರುವುದು ಹೆಚ್ಚಾಗಿ ಅಲ್ಲೇ.

ಮೈಸೂರು ಲ್ಯಾನ್ಸರ್ಸ್ ಪಡೆ ಸ್ವಾತಂತ್ರ್ಯದ ನಂತರ ಭಾರತೀಯ ಸೇನೆಯೊಳಗೆ ಕರಗಿತು. 1953ರಲ್ಲಿ ಸಂಸ್ಥಾನಗಳ ಅಶ್ವದಳಗಳನ್ನೆಲ್ಲ ಸೇರಿಸಿ ಕಟ್ಟಿದ 61ನೆಯ ಕ್ಯಾವಲ್ರಿಯಲ್ಲಿ ಅದರ ವಂಶ ಮುಂದುವರಿದಿದೆ. ಅವರೂ ಆಚರಿಸುವುದು ಹೈಫಾ ದಿನವನ್ನೇ.

ಮೇಷ್ಟ್ರಿಗೆ ಎಲ್ಲ ಕಾಗದಗಳ ನಕಲು ತೆಗೆದುಕೊಂಡು ಹೋಗಿ ತೋರಿಸಿದೆ. ಹೈಫಾ ಅಲ್ಲ ಎಂದು ಹೇಳುವುದು ಸುಲಭವಾಗಿರಲಿಲ್ಲ. ಮೊಮ್ಮಕ್ಕಳು ಶಾಲೆಯಲ್ಲಿ ಹೈಫಾ ಬಗ್ಗೆ ಭಾಷಣ ಮಾಡಿ ಬಹುಮಾನ ತಂದಿದ್ದರು, ಪ್ರಮಾಣಪತ್ರ ಗೋಡೆಯ ಮೇಲಿತ್ತು. ಅವರು ಹರಿತಾನಿನ ನಕ್ಷೆಯನ್ನು ಹತ್ತಿರ ಹಿಡಿದು ನೋಡಿ, “ಇಲ್ಲಿ ಸೋತರಾ ಮೇಡಂ?” ಎಂದು ಕೇಳಿದರು.

“ಸೋತರು ಅಂತಲೂ ಹೇಳೋಕಾಗಲ್ಲ ಸಾರ್. ಗೆಲ್ಲಲಿಲ್ಲ.”

“ಗೋರಿ ಎಲ್ಲಿದೆ?”

ಗೋರಿ ಇಲ್ಲ. ಈಜಿಪ್ಟ್, ಪ್ಯಾಲೆಸ್ಟೈನ್ ಕಡೆ ಸತ್ತ ಸುಮಾರು 4,000 ಭಾರತೀಯ ಸೈನಿಕರಿಗೆಂದು 1926ರಲ್ಲಿ ಸುಯೆಜ್ ಕಾಲುವೆಯ ಬಾಯಿಯಲ್ಲಿ, ಪೋರ್ಟ್ ತೌಫಿಕ್‌ನಲ್ಲಿ ಒಂದು ಸ್ಮಾರಕ ಕಟ್ಟಿದರು, ಎರಡು ಕಲ್ಲಿನ ಹುಲಿಗಳ ಸಮೇತ. ಅರಬ್ ಇಸ್ರೇಲ್ ಯುದ್ಧಗಳ ಕಾಲದಲ್ಲಿ ಅದು ಹಾಳಾಯಿತು, ಕೊನೆಗೆ ಕೆಡವಬೇಕಾಯಿತು. 1980ರಲ್ಲಿ ಹೆಸರುಗಳನ್ನು ಮತ್ತೆ ಕೊರೆಸಿ ಕೈರೊದ ಹೀಲಿಯೊಪೊಲಿಸ್ ಸ್ಮಶಾನದಲ್ಲಿ ನಿಲ್ಲಿಸಿದ್ದಾರೆ. ಮುತ್ತಾತನ ಹೆಸರು ಅಲ್ಲಿದೆ. ಅವರು ಕಾಲುವೆ ಕಾದ ದೇಶಕ್ಕೆ ಅವರ ಹೆಸರು ವಾಪಸು ಬಂದಂತಾಯಿತು.

ಮೇಷ್ಟ್ರು ಕಂಚಿನ ಫಲಕವನ್ನು ತಂದು ನಾನು ಕೊಟ್ಟ ಕಾಗದದ ಪಕ್ಕದಲ್ಲಿಟ್ಟು ಎರಡನ್ನೂ ಅಕ್ಷರ ಅಕ್ಷರವಾಗಿ ಓದಿದರು, ಉತ್ತರ ಪತ್ರಿಕೆ ತಿದ್ದುವವರಂತೆ. ಫಲಕದಲ್ಲಿ ಹೆಸರಿನ ಇಂಗ್ಲಿಷ್ ಕಾಗುಣಿತ ಒಂದು, ಕೈರೊದಲ್ಲಿ ಇನ್ನೊಂದು. ಒಂದು ಸ್ವರ ಅಲ್ಲಿ ಹೆಚ್ಚು, ಇಲ್ಲಿ ಕಡಿಮೆ. ಇದು ಒಬ್ಬರೇನಾ ಎಂದು ಅವರು ಕೇಳುತ್ತಾರೆಂದುಕೊಂಡು ನಾನು ತಂದೆಯ ಹೆಸರಿನ ಸಾಲನ್ನು ತೋರಿಸಲು ಹೊರಟೆ. ಅವರು ಅಷ್ಟರಲ್ಲಿ ಮೊಮ್ಮಗಳ ನೋಟ್‌ಬುಕ್ ಎಳೆದುಕೊಂಡು ಆ ಹೆಸರನ್ನು ಉರ್ದುವಿನಲ್ಲಿ ಬರೆದರು. “ಹೀಗೆ ಬರೆದರೆ ಎರಡೂ ಒಂದೇ” ಎಂದರು. ಅದರ ಕೆಳಗೆ ಕನ್ನಡದಲ್ಲಿ ಬರೆದು, ಮುಂದೆ ತಾರೀಖು ಹಾಕಿದರು. 26ನೇ ಅಕ್ಟೋಬರ್ 1918.